ಮತ್ತು ಸಂಗಡಿಗರು

ಗೌತಮಿ ಡ್ರಮ್ ಬಾರಿಸಲು ಕಲಿತು ಐದು ವರ್ಷವಾಗಿತ್ತು. ಪೇಪರಿನವರ ಪಾಲಿಗೆ ಅವಳ ಹೆಸರು ಇನ್ನೂ 'ಮತ್ತು ಸಂಗಡಿಗರು' ಎಂದೇ ಇತ್ತು.

ತಂಡದಲ್ಲಿ ಇರುವವರೇ ಮೂವರು. ಜೈನಾಪುರದ ಚೇತನಕುಮಾರ ಗಿಟಾರ್ ಹಿಡಿದು ಹಾಡುತ್ತಾನೆ, ವಿಜಯಪುರದ ಆರಿಫ ಬಾಸ್ ಗಿಟಾರ್ ನುಡಿಸುತ್ತಾನೆ, ತಿಕೋಟಾದ ಗೌತಮಿ ಅವರಿಬ್ಬರ ಹಿಂದೆ ಕುಳಿತು ಡ್ರಮ್ ಬಾರಿಸುತ್ತಾಳೆ. ತಂಡಕ್ಕೆ ಆ ಸೀಮೆಯ ಕಪ್ಪು ನೆಲದ ಹೆಸರು, 'ಎರಿಮಣ್ಣು'. ಮೂವರಲ್ಲಿ ಒಬ್ಬನ ಹೆಸರು ಬರೆದು ಉಳಿದಿಬ್ಬರನ್ನು ಸಂಗಡಿಗರು ಮಾಡಿದರೆ ಎಷ್ಟು ಶಾಯಿ ಉಳಿಯುತ್ತದೋ ಆ ಪುಣ್ಯಾತ್ಮರಿಗೇ ಗೊತ್ತು. ಹೋದ ವರ್ಷ ಒಂದು ಉತ್ಸವದಲ್ಲಿ ಎರಿಮಣ್ಣು ಬೆವರು ಹರಿಯುವ ಹಾಗೆ ಬಾರಿಸಿತು. ಮರುದಿನದ ಪೇಪರಿನಲ್ಲಿ ಮುಖ್ಯ ಅತಿಥಿಗಳು ದೀಪ ಹಚ್ಚುವ ಫೋಟೋ ಬಂತು. ಅದರ ಅಂಚಿನಲ್ಲಿ ಒಂದು ಗಿಟಾರಿನ ತುದಿ ಇಣುಕಿತ್ತು. ಆ ತುದಿ ತನ್ನದೇ ಎಂದು ಆರಿಫ ವಾರಗಟ್ಟಲೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ಗೌತಮಿಗೆ ತೋರಿಸಲು ಅಷ್ಟೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ಬೆಂಗಳೂರಿನಲ್ಲಿ ರಾಕ್ ಸಂಗೀತಕ್ಕೆಂದೇ ಒಂದು ಕನ್ನಡ ಪತ್ರಿಕೆ ಇತ್ತು. ಈಗಲೂ ಇದೆ, ಮೊಬೈಲಿನಲ್ಲಿ ಮಾತ್ರ. ಹೆಸರು ಹೇಳಿ ಅದಕ್ಕೆ ಪುಕ್ಕಟೆ ಪ್ರಚಾರ ಕೊಡುವುದು ಬೇಡ. ಅದರ ಹಳೆಯ ಸಂಚಿಕೆಗಳು ಹೊನವಾಡದಲ್ಲಿ, ಚೇತನಕುಮಾರನ ಸೋದರಮಾವನ ಮನೂಕ ಶೆಡ್ಡಿನಲ್ಲಿದ್ದವು. ದ್ರಾಕ್ಷಿ ಒಣಗಿಸುವ ಹಂಗಾಮು ಮುಗಿದ ಮೇಲೆ ಆ ಶೆಡ್ಡು ಖಾಲಿ ಬೀಳುತ್ತದೆ. ಎರಿಮಣ್ಣಿನ ತಾಲೀಮು ಅಲ್ಲೇ. ಉಳಿದಿಬ್ಬರು ತಂತಿ ಶ್ರುತಿ ಮಾಡುತ್ತ ಜಗಳವಾಡುವಾಗ ಗೌತಮಿ ಆ ಸಂಚಿಕೆಗಳನ್ನು ಓದುತ್ತಿದ್ದಳು. ಒಂದರಲ್ಲಿ, ಬೀದರಿನ ಒಂದು ಕಾಲೇಜಿನ ಅಂಗಳದಲ್ಲಿ ನಡೆದ ಕಾರ್ಯಕ್ರಮದ ವರದಿ ಇತ್ತು. ಬರೆಯುವವರೊಬ್ಬರು, ಫೋಟೋ ತೆಗೆಯುವವರೊಬ್ಬರು ಬೆಂಗಳೂರಿನಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದರು. ಡ್ರಮ್ ಬಾರಿಸಿದವನ ಹೆಸರು, ಊರು ಬರೆದು, ಅವನ ಎಡಗಾಲಿನ ಮೇಲೆ ಇಡೀ ಒಂದು ಪ್ಯಾರಾ ಬರೆದಿದ್ದರು. ಪೆಡಲಿನ ಮೇಲೆ ಒತ್ತಿದ ಆ ಕಾಲಿನ ಫೋಟೋ ಕೂಡ ಇತ್ತು. ಗೌತಮಿ ಎಡಗಾಲು ಬಳಸುವುದನ್ನು ಕಲಿತದ್ದು ಯಾವ ಗುರುವಿನಿಂದಲೂ ಅಲ್ಲ, ಆ ಪ್ಯಾರಾದಿಂದ. ಬರೆದವರು ಈಗ ಎಲ್ಲಿದ್ದಾರೋ ಏನೋ, ಅವಳು ಅವರಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದಾಳೆ.

ಹೆಸರಿನ ಮಾತು ಮನೆಯಲ್ಲಿ ದೊಡ್ಡದಾದದ್ದು ಆಷಾಢಕ್ಕೆ ಸ್ವಲ್ಪ ಮುಂಚೆ.

ಗೌತಮಿಯ ತಂದೆ ಶಿವಾಜಿ ಬನಸೋಡೆ ಬಸ್ ಕಂಡಕ್ಟರು. ಹೊನವಾಡದಿಂದ ತಿಕೋಟಾ ಹಾಯ್ದು ವಿಜಯಪುರಕ್ಕೆ ಹೋಗುವ ಬಸ್ಸು ಅವನದು. ಗೌತಮಿ ದಿನಾ ಬೆಳಿಗ್ಗೆ ತಿಕೋಟಾದಲ್ಲಿ ಅದೇ ಬಸ್ಸು ಹತ್ತಿ ಜಲನಗರದ ಒಂದು ಲ್ಯಾಬಿಗೆ, ರಕ್ತ ಪರೀಕ್ಷೆಯ ಕೆಲಸಕ್ಕೆ ಹೋಗುತ್ತಾಳೆ. ಶಿವಾಜಿ ಮಾತು ಕಡಿಮೆ. ಅವನಿಗೆ ಸೀಟಿ ಊದುವುದೂ ಆಗದು. ಬಸ್ಸು ನಿಲ್ಲಬೇಕಾದರೆ ತಗಡಿಗೆ ಒಂದು ಪೆಟ್ಟು, ಹೊರಡಬೇಕಾದರೆ ಎರಡು ಪೆಟ್ಟು, ಅಷ್ಟೇ ಅವನ ಭಾಷೆ. ಅಂಥವನು ಅವತ್ತು ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಬಾಯಿ ಬಿಟ್ಟ.

"ನಮ್ಮಪ್ಪ ಊರಾಗ ಹಲಗಿ ಬಾರಸ್ತಿದ್ದ. ಮದವಿಗಿ, ಸಾವಿಗಿ, ಡಂಗುರಕ್ಕ, ಎಲ್ಲಾದಕ್ಕೂ. ಕರಿಯಾಕ ಬಂದವರು ಒಬ್ಬರೂ ಬಾಬು ಬಾ ಅನ್ನಲಿಲ್ಲ. ಹಲಗಿಯವನ್ನ ಕರೀರಿ ಅಂತಿದ್ರು. ಒಂದಿನ ಹಲಗಿ ಬಿಟ್ಟ. ನಾವು ಬುದ್ಧನ ದಾರಿ ಹಿಡದ್ವಿ. ನಾ ಟಿಕೆಟ್ ಮಿಷನ್ ಹಿಡದೆ, ನೀ ಸೂಜಿ ಹಿಡದಿ. ಮತ್ಯಾಕ ಯವ್ವಾ ಆ ಕೋಲು ಹಿಡೀತಿ?"

"ಇದು ಬ್ಯಾರೆ ಐತಿ ಯಪ್ಪಾ," ಎಂದಳು ಗೌತಮಿ.

"ಬ್ಯಾರೆ ಇದ್ರ ಬಾರಸಿದಾಕಿ ಹೆಸರು ಬರಬೇಕಲ್ಲ. ಐದು ವರ್ಷದಿಂದ ನೋಡಾಕತ್ತೇನಿ. ಮತ್ತು ಸಂಗಡಿಗರು ಅಂತಾರ. ಹಲಗಿಯವ ಅನ್ನೂದಕ್ಕ ಇದಕ್ಕ ಏನು ಫರಕ? ಯಾರರೆ ಒಬ್ಬರು ನಿನ್ನ ಹೆಸರು ಅಚ್ಚು ಹಾಕಿ ತೋರಸಲಿ, ನಾ ಬಾಯಿ ಮುಚ್ಚತೇನಿ. ಇಲ್ಲಾಂದ್ರ ಈ ಆಷಾಢಕ್ಕ ಸಾಕು ಮಾಡು."

ತಾಯಿ ರೇಣವ್ವ ಇಬ್ಬರ ಮುಖವನ್ನೂ ನೋಡಿ ಇನ್ನೊಂದು ರೊಟ್ಟಿ ಹಾಕಿದಳು. ಗೌತಮಿ ದುಡಿಯುವ ಮಗಳು, ಅಪ್ಪನ ಮಾತು ಮೀರಿ ಬಾರಿಸಬಹುದಿತ್ತು. ಆದರೆ ಆ ಮಾತಿನಲ್ಲಿದ್ದ ನೋವು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ತುಳಿದು ಡ್ರಮ್ಮಿನ ಮುಂದೆ ಹೋಗಿ ಕೂರಲು ಅವಳಿಂದಾಗದು. ಹೆಸರು ಬಂದರೆ ಡ್ರಮ್ ಉಳಿಯುತ್ತದೆ, ಬರದಿದ್ದರೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಳು.

ಆಷಾಢದಲ್ಲಿ ಮದುವೆಗಳಿಲ್ಲ. ಬಬಲೇಶ್ವರದ ಒಂದು ಮಂಗಲ ಕಾರ್ಯಾಲಯ ಖಾಲಿ ಇತ್ತು, ಎರಿಮಣ್ಣಿನ ಮೊದಲ ಸ್ವಂತ ಕಾರ್ಯಕ್ರಮ ಅಲ್ಲೇ ಎಂದು ನಿಗದಿಯಾಯಿತು. ಚೇತನಕುಮಾರ ಬೆಂಗಳೂರಿನ ಪತ್ರಿಕೆಗೆ ಫೋನು ಹಚ್ಚಿ ಯಾರನ್ನಾದರೂ ಕಳಿಸಿ ಎಂದು ಕೇಳಿದ. ಅಷ್ಟು ದೂರ ಯಾರೂ ಬರುವುದಿಲ್ಲ, ನೀವೇ ಒಂದು ಫೋಟೋ, ಹತ್ತು ಸಾಲು ಕಳಿಸಿ, ಹಾಕೋಣ ಎಂದರು. ಬೀದರಿನ ತನಕ ಬಸ್ಸಿನಲ್ಲಿ ಹೋಗುತ್ತಿದ್ದ ಪತ್ರಿಕೆಗೆ ಈಗ ರೈಲು ಇರುವ ವಿಜಯಪುರವೂ ದೂರವಾಗಿತ್ತು. ಇರಲಿ, ಹಾಕುತ್ತೇವೆ ಅಂದರಲ್ಲ ಎಂದು ಗೌತಮಿ ಅಷ್ಟಕ್ಕೇ ಜೀವ ಹಿಡಿದುಕೊಂಡಳು. ಒಳ್ಳೆಯ ಫೋಟೋ ಬೇಕಿತ್ತು. ಅವಳೇ ಹೋಗಿ ತಿಕೋಟಾ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದ ಸುರೈಯಾ ಅವರನ್ನು ಕೇಳಿದಳು.

ಸುರೈಯಾ ಮದುವೆ ಫೋಟೋಗ್ರಾಫರ್. ಸುತ್ತಲಿನ ಹಳ್ಳಿಗಳಲ್ಲಿ ಅವರ ಕ್ಯಾಮೆರಾ ಕಾಣದೆ ಅತ್ತೆ ಮನೆಗೆ ಹೋದ ಹೆಣ್ಣುಮಕ್ಕಳು ಕಡಿಮೆ. ಸ್ಟುಡಿಯೋದ ಗಾಜಿನ ಹಿಂದೆ ಯಾವಾಗಲೂ ಯಾರದಾದರೂ ಮದುವೆಯ ಒಂದು ದೊಡ್ಡ ಫೋಟೋ ಇರುತ್ತದೆ, ಕೆಳಗೆ ಅಚ್ಚು ಹಾಕಿಸಿದ ಹೆಸರುಗಳಿರುತ್ತವೆ. ಬಸ್ಸಿಗೆ ಕಾಯುವವರೆಲ್ಲ ಅದನ್ನು ಓದಿಯೇ ಓದುತ್ತಾರೆ. ರಾಕ್ ಎಂದರೆ ಏನೆಂದು ಸುರೈಯಾಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಲು ನಾಚಿಕೆಯೂ ಇರಲಿಲ್ಲ.

"ಎಲ್ಲಾ ತಗೀಬೇಕೋ, ಮುಖ್ಯ ಮಂದಿದಷ್ಟ ತಗೀಬೇಕೋ?" ಎಂದು ಕಾರ್ಯಕ್ರಮದ ದಿನ ಕೇಳಿದರು.

"ಮುಖ್ಯ ಮಂದಿದು ಹೆಚ್ಚ ತಗೀರಿ ಆಪಾ," ಎಂದ ಚೇತನಕುಮಾರ.

"ಯಾರು ಮುಖ್ಯ?"

ನಾನೇ ಎಂದು ಹೇಳಿಕೊಳ್ಳಲು ಚೇತನಕುಮಾರನಿಗೆ ಸಂಕೋಚವಾಯಿತು. "ಅದು ನೋಡಿದ ಕೂಡಲೆ ಗೊತ್ತಾಗತೈತ್ರಿ," ಎಂದು ಕೂದಲು ಸರಿಮಾಡಿಕೊಂಡ.

ವೇದಿಕೆಯ ಹಿಂದಿನ ಪರದೆಗೆ ಕಳೆದ ಮದುವೆಯ ಪ್ಲಾಸ್ಟಿಕ್ ಹೂವು ಹಾಗೇ ಇತ್ತು. ನಡುವೆ ಮದುಮಕ್ಕಳ ಸೋಫಾ ಇಡುವ ಎತ್ತರದ ಕಟ್ಟೆ. ಡ್ರಮ್ಮಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ, ಅಲ್ಲೇ ಜೋಡಿಸಿದರು. ಬೆಳಿಗ್ಗೆ ಮನೆ ಬಿಡುವಾಗ ರೇಣವ್ವ, "ಮಂದಿ ಮುಂದ ಕುಂದ್ರಾಕಿ ಅದಿ, ಬೋಳ ತಲೀಲೆ ಹೋಗಬ್ಯಾಡ," ಎಂದು ಮಗಳ ಜಡೆಗೆ ಮಲ್ಲಿಗೆ ಮಾಲೆ ಮುಡಿಸಿದ್ದಳು. ಗಂಡನ ಮಾತಿಗೆ ಅವಳು ಎದುರಾಡಿರಲಿಲ್ಲ, ಹೂವು ಮುಡಿಸಿ ಕಳಿಸಿದ್ದಳು. ಹಾಗಾಗಿ ಸಂಜೆ ವಿದ್ಯುದ್ದೀಪಗಳು ಹತ್ತಿಕೊಂಡಾಗ ಕಂಡದ್ದು ಇಷ್ಟು: ಹೂವಿನ ಪರದೆ, ಎತ್ತರದ ಕಟ್ಟೆ, ಅದರ ನಟ್ಟನಡುವೆ ಹೂವು ಮುಡಿದು ಕುಳಿತ ಹುಡುಗಿ, ಅವಳ ಅಕ್ಕಪಕ್ಕ ನಿಂತ ಇಬ್ಬರು ಗಂಡುಮಕ್ಕಳು. ಜೀವಮಾನವಿಡೀ ಮದುವೆ ತೆಗೆದ ಸುರೈಯಾಗೆ ಇನ್ನೇನು ಹೇಳಬೇಕು? ಮುಖ್ಯ ಯಾರೆಂದು ನೋಡಿದ ಕೂಡಲೇ ಗೊತ್ತಾಗಿಬಿಟ್ಟಿತು.

ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಸುರೈಯಾ ವೇದಿಕೆ ಹತ್ತಿ ಬಂದರು. ಕಣ್ಣು ಮುಚ್ಚಿ, ಕುತ್ತಿಗೆ ನರ ಉಬ್ಬಿಸಿ ಹಾಡುತ್ತಿದ್ದ ಚೇತನಕುಮಾರನ ಭುಜ ತಟ್ಟಿದರು.

"ಸ್ವಲ್ಪ ಬಾಜೂ ಸರೀರಿ, ಅಡ್ಡ ಬರಾಕತ್ತೀರಿ."

ಚೇತನಕುಮಾರ ಹಾಡುತ್ತಲೇ ಸರಿದ. ಅಲ್ಲಿಂದಲೂ ಅಡ್ಡವಾಗುತ್ತಾನೆಂದು ಮೈಕು ಸಮೇತ ಇನ್ನಷ್ಟು ಸರಿಸಿದರು. ಆರಿಫ ನಗು ತಡೆಯಲಾರದೆ ಒಂದೆರಡು ಸ್ವರ ನುಂಗಿದ. ಸುರೈಯಾಗೆ ಇದ್ಯಾವುದರ ಪರಿವೆಯೂ ಇಲ್ಲ. ಗೌತಮಿಯ ಮುಂದೆ ಬಂದು, ಬಲಕ್ಕೆ ಬಂದು, ಮಂಡಿಯೂರಿ ಕುಳಿತು ತೆಗೆದೇ ತೆಗೆದರು. ಮದುವೆಯಲ್ಲಿ ಮೆಹಂದಿ ಹಚ್ಚಿದ ಕೈ ತೆಗೆಯಬೇಕು, ಕಾಲುಂಗುರ ತೊಟ್ಟ ಕಾಲು ತೆಗೆಯಬೇಕು, ಅದು ಅವರ ರೂಢಿ. ಅದರಂತೆ ಗೌತಮಿಯ ಕೈಗಳನ್ನು ತೆಗೆದರು, ಆಮೇಲೆ ನೆಲಕ್ಕೆ ಮೈ ಚೆಲ್ಲಿ ಪೆಡಲಿನ ಮೇಲಿದ್ದ ಎಡಗಾಲನ್ನು ತೆಗೆದರು.

"ಇತ್ತಾಗ ನೋಡು ಬೇಟಾ. ಸ್ವಲ್ಪ ನಗು."

ಐದು ವರ್ಷದಲ್ಲಿ ಒಂದು ಕ್ಯಾಮೆರಾವೂ ಅವಳ ಕಡೆ ತಿರುಗಿರಲಿಲ್ಲ. ತಿರುಗಿದ್ದೇ ಹೀಗೆ ತಿರುಗಿತು. ಗೌತಮಿಗೆ ನಗು ಬಂತು, ಆ ನಗುವಿನ ಜೊತೆಗೆ ಕೈಗೆ ಎಂದೂ ಇಲ್ಲದ ಬಲ ಬಂತು. ಅವತ್ತು ಅವಳು ಬಾರಿಸಿದ ಹಾಗೆ ಅದುವರೆಗೂ ಬಾರಿಸಿರಲಿಲ್ಲ. ಮುಂದೆ ಕುಳಿತ ಹುಡುಗರು ಕುರ್ಚಿ ಬಿಟ್ಟು ಎದ್ದು ಕುಣಿದರು.

ಕಡೆಯ ಹಾಡು ಮುಗಿದು ದೀಪಗಳೆಲ್ಲ ಹತ್ತಿದಾಗ ಇನ್ನೊಂದು ತಮಾಷೆಯಾಯಿತು. ಅದೇ ಕಾರ್ಯಾಲಯ, ಅದೇ ವೇದಿಕೆ, ಕ್ಯಾಮೆರಾ ಹಿಡಿದು ನಿಂತ ಅವರೇ ಸುರೈಯಾ; ಜನರ ಕಾಲುಗಳು ತಾವಾಗಿ ಸಾಲು ಹಿಡಿದವು. ಎಡಗಡೆ ಮೆಟ್ಟಿಲು ಹತ್ತಿ ಬರುವುದು, ಗೌತಮಿಯ ಎರಡೂ ಬದಿಗೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಬಲಗಡೆ ಇಳಿದು ಹೋಗುವುದು. ಕಾರ್ಯಾಲಯದ ಕಸ ಹೊಡೆಯುವ ಕಾಳವ್ವ ಕೂಡ ಸೆರಗು ಸರಿಮಾಡಿಕೊಂಡು ಬಂದು ನಿಂತಳು.

"ಕಿವಿ ಕಿತ್ತು ಹೋಗುವಂಗ ಬಾರಸಿದಿ ನೋಡವಾ. ಎದಿಯಾಗಿನ ದುಃಖ ಎಲ್ಲಾ ಉದುರಿ ಹೋತು," ಎಂದು ಗೌತಮಿಯ ಗಲ್ಲ ಸವರಿ ಲಟಿಕೆ ತೆಗೆದಳು.

ಫೋಟೋಗಳನ್ನು ನೋಡಲು ಮರುದಿನ ಮೂವರೂ ಸ್ಟುಡಿಯೋದಲ್ಲಿ ಕುಳಿತರು. ಸುರೈಯಾ ಒಂದೊಂದೇ ತೋರಿಸಿದರು. ಗೌತಮಿಯ ಕೈ, ಗೌತಮಿಯ ಕಾಲು, ಬೆವರು, ಹಾರುವ ಮಲ್ಲಿಗೆ, ಗೌತಮಿಯ ನಗು. ಚೇತನಕುಮಾರನ ಮುಖ ಸಣ್ಣದಾಗುತ್ತ ಹೋಯಿತು.

"ಆಪಾ, ನಾ ಎಲ್ಲಿ ಅದೇನ್ರಿ?"

"ಇಲ್ಲಿ ನೋಡ್ರಿ. ಮೊಣಕೈ."

ಆರಿಫ ಬೆಂಚಿನಿಂದ ಕೆಳಗೆ ಬೀಳುವುದೊಂದು ಬಾಕಿ. ಸುರೈಯಾಗೆ ತಾವು ತಪ್ಪು ಮಾಡಿದೆವೆಂದು ಆಗ ಹೊಳೆಯಿತು. "ನಡು ಕುಂತಾಕಿ ಅಕಿ. ನಿಂತವರು ಬರತಾರ, ಹೋಗತಾರ. ನಾ ಹಂಗಂತ ತಿಳದೆ," ಎಂದು ಕಸಿವಿಸಿಪಟ್ಟರು. ಚೇತನಕುಮಾರ ಸ್ವಲ್ಪ ಹೊತ್ತು ಮುಖ ಊದಿಸಿ ಕುಳಿತ. ಆಮೇಲೆ ಆ ಎಡಗಾಲಿನ ಫೋಟೋ ಬಂತು. ಅವನೂ ಹಳೆಯ ಸಂಚಿಕೆಗಳನ್ನು ಓದಿದವನೇ ಅಲ್ಲವೇ, ಬಗ್ಗಿ ನೋಡಿದ.

"ಇಂಥಾ ಫೋಟೋ ಈಗ ಯಾರೂ ತಗಿಯಂಗಿಲ್ಲ," ಎಂದ. "ಇದನ್ನ ಕಳಸೂನು. ಬರಿಯೂದು ನಾ ಬರೀತೇನಿ."

ಮಾತಿಗೆ ತಪ್ಪದೆ ಮೂವರ ಹೆಸರನ್ನೂ, ಗೌತಮಿಯದನ್ನು ಎಲ್ಲಕ್ಕಿಂತ ಮೊದಲು ಬರೆದು ಕಳಿಸಿದ. ಸ್ವಂತ ಮೊಣಕೈ ಮಾತ್ರ ಬಂದಿದ್ದವನು ಇಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ಗೌತಮಿ ಮರೆಯುವವಳಲ್ಲ.

ವಾರದ ಮೇಲೆ ಪತ್ರಿಕೆಯಲ್ಲಿ ಬಂತು. ಬಂದದ್ದನ್ನು ಓದಿದರೆ ಮೈ ಉರಿಯಬೇಕು. ಗೋಳಗುಮ್ಮಟದ ನೆರಳಿನಲ್ಲಿ ಮೊಳಗಿದ ರಾಕ್ ಎಂದಿತ್ತು. ಬಬಲೇಶ್ವರಕ್ಕೂ ಗುಮ್ಮಟಕ್ಕೂ ಎಷ್ಟು ದಾರಿ ಎಂದು ಬಸ್ಸಿನಲ್ಲಿ ನಿಂತು ಬಂದವರನ್ನು ಕೇಳಬೇಕು. ಬರಡು ನೆಲದ ಆಕ್ರೋಶ ಎಂದಿತ್ತು; ಎರಿಮಣ್ಣಿನವರು ತಾಲೀಮು ಮಾಡುವುದು ದ್ರಾಕ್ಷಿ ತೋಟಗಳ ನಡುವೆ. ಫೋಟೋ ಸುರೈಯಾ ತೆಗೆದದ್ದಾಗಿರಲಿಲ್ಲ. ಎಲ್ಲಿಯದೋ ಅಂಗಿ ಇಲ್ಲದ ಒಬ್ಬ ಗಡ್ಡದವನು ಡ್ರಮ್ ಬಾರಿಸುತ್ತಿದ್ದ. ಕೆಳಗೆ, 'ಚೇತನಕುಮಾರ ಮತ್ತು ಸಂಗಡಿಗರು.'

ಚೇತನಕುಮಾರ ಫೋನು ಮಾಡಿ ಕೂಗಾಡಿದ. ಆ ಕಡೆಯ ಹುಡುಗಿ ಪಾಪ ತಾಳ್ಮೆಯಿಂದಲೇ ಹೇಳಿದಳು: "ಬರೆಯೋರು ಅಂತ ಇಲ್ಲಿ ಈಗ ಯಾರೂ ಇಲ್ಲ ಸರ್. ನಾವು ಪೋಸ್ಟ್ ಹಾಕೋರು ಅಷ್ಟೇ. ದಿನಕ್ಕೆ ಇಷ್ಟು ಅಂತ ಹಾಕ್ಬೇಕು." ಅವಳ ಮೇಲೆ ಸಿಟ್ಟು ಮಾಡಿ ಏನು ಬಂತು, ಅವಳ ಹೆಸರನ್ನೂ ಅಲ್ಲಿ ಯಾರೂ ಹಾಕುತ್ತಿರಲಿಕ್ಕಿಲ್ಲ.

ಗೌತಮಿ ಅಳಲಿಲ್ಲ. ಸಂಜೆ ಮನೆಗೆ ಬಂದು ಕೋಲುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ, "ಇದನ್ನ ಟ್ರಂಕಿನ್ಯಾಗ ಇಡು ಬೇ," ಎಂದು ತಾಯಿಯ ಕೈಗೆ ಕೊಟ್ಟಳು. ರೇಣವ್ವ ಅದನ್ನು ಟ್ರಂಕಿನಲ್ಲಿ ಇಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಶಿವಾಜಿ ಮನೆಗೆ ಬಂದವನು ಆ ಬಟ್ಟೆಯ ಸುರುಳಿಯನ್ನು ನೋಡಿದ. ಗೆದ್ದವನ ಮುಖ ಅದಾಗಿರಲಿಲ್ಲ.

ಅಷ್ಟರಲ್ಲೇ ಸುರೈಯಾ ಫೋನು ಮಾಡಿದರು. "ನಿನ್ನ ಪೂರಾ ಹೆಸರು ಹೇಳು ಬೇಟಾ. ತಂದಿ ಹೆಸರು, ಅಡ್ಡಹೆಸರು, ಊರು."

ಗೌತಮಿಗೆ ಯಾಕೆಂದು ಕೇಳುವ ಉಮೇದೂ ಇರಲಿಲ್ಲ. ಹೇಳಿ ಇಟ್ಟಳು.

ಎರಡು ದಿನದ ಮೇಲೆ ಬೆಳಿಗ್ಗೆ ಎಂದಿನಂತೆ ತಿಕೋಟಾದಲ್ಲಿ ಅಪ್ಪನ ಬಸ್ಸು ಹತ್ತಿ ಕುಳಿತಳು. ಶಿವಾಜಿ ಇಳಿದು ನಿಲ್ದಾಣದ ಕಂಟ್ರೋಲರ್ ಹತ್ತಿರ ಸಹಿ ಹಾಕಿಸಲು ಹೊರಟವನು ಅರ್ಧ ದಾರಿಯಲ್ಲಿ ನಿಂತ. ಎದುರಿನ ಸ್ಟುಡಿಯೋದ ಮುಂದೆ ಜನ ಗುಂಪುಗೂಡಿದ್ದರು. ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅವನನ್ನು ಕಂಡು, "ಏನ್ರಿ ಕಂಡಕ್ಟರ್, ಬನಸೋಡೆ ಅಂದ್ರ ನಿಮ್ಮವರೇನು?" ಎಂದಳು. ಶಿವಾಜಿ ರಸ್ತೆ ದಾಟಿ ಹೋದ.

ಗೌತಮಿಗೆ ಕಿಟಕಿಯಿಂದ ಕಂಡಿತು. ಆಷಾಢದಲ್ಲಿ ಹೊಸ ಮದುಮಗಳಿಲ್ಲದ ಆ ಗಾಜಿನ ಹಿಂದೆ ಅವಳೇ ಇದ್ದಳು, ಆಳೆತ್ತರಕ್ಕೆ. ಕೋಲು ಎತ್ತಿದ ಕೈ, ಹಾರುವ ಹೂವು, ನಗು. ಇಳಿದು ಓಡಿದಳು. ಅಪ್ಪನ ಬೆನ್ನ ಹಿಂದೆ ನಿಂತು ಓದಿದಳು: 'ಗೌತಮಿ ಶಿವಾಜಿ ಬನಸೋಡೆ, ಡ್ರಮ್ ವಾದಕಿ, ತಿಕೋಟಾ.' ದೊಡ್ಡ ಅಕ್ಷರ, ಕೆಂಪು ಅಚ್ಚು. ಅದರ ಕೆಳಗೆ ಸಣ್ಣದಾಗಿ, 'ಚೇತನಕುಮಾರ, ಆರಿಫ.'

ಸುರೈಯಾ ಬಾಗಿಲಿಗೆ ಬಂದರು. ಸಮವಸ್ತ್ರ ತೊಟ್ಟು ಬಿಗಿದು ನಿಂತ ಅಪ್ಪನನ್ನು ನೋಡಿ ಅವರಿಗೆ ಅಳುಕಾಯಿತು. "ಏನರೆ ತಪ್ಪಾಗೇತೇನ್ರಿ ಅಣ್ಣಾರ?"

"ತಪ್ಪಿಲ್ಲ," ಎಂದ ಶಿವಾಜಿ. "ಮದವಿ ಫೋಟೋದಾಗ ಅಜ್ಜನ ಹೆಸರೂ ಹಾಕತೀರಲ್ರಿ. ಇವರ ಮೊಮ್ಮಗಳು ಅಂತ."

"ಹಾಕತೇವ್ರಿ. ಅಕಿ ಹೇಳಲಿಲ್ಲ, ನಾನೂ ಕೇಳೂದು ಬಿಟ್ಟೆ." ಸುರೈಯಾ ಒಳಗಿಂದ ಕೆಂಪು ಶಾಯಿಯ ದಪ್ಪ ಪೆನ್ನು ತಂದರು. ಗಾಜಿನ ಬಾಗಿಲು ಸರಿಸಿ, ಹೆಸರಿನ ಕೆಳಗೆ ಉಳಿದ ಬಿಳಿ ಜಾಗಕ್ಕೆ ಪೆನ್ನು ಹಚ್ಚಿ ಕೇಳಿದರು. "ಏನ್ರಿ ಅಜ್ಜಾರ ಹೆಸರು?"

ಶಿವಾಜಿ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿದ. ನೇರ ನಿಂತ.

"ಬಾಬು. ಬಾಬು ಸಿದ್ರಾಮ ಬನಸೋಡೆ."

"ಏನ್ ಮಾಡತಿದ್ರು?"

ಗುಂಪು ಹಾಗೇ ನಿಂತಿತ್ತು. ಅಪ್ಪ ಆ ಮಾತನ್ನು ಊರ ನಡುವೆ ನಿಂತು ಹೇಳಿದ್ದನ್ನು ಗೌತಮಿ ಎಂದೂ ಕೇಳಿರಲಿಲ್ಲ.

"ಹಲಗಿ ಬಾರಸ್ತಿದ್ರು," ಎಂದ ಶಿವಾಜಿ.

"ಹಲಗಿ ವಾದಕರು ಅಂತ ಬರೀಲೇನ್ರಿ?"

"ಬರೀರಿ."

ಸುರೈಯಾ ಬರೆದರು. ಪೂರ್ತಿ ಬರೆಯುವ ತನಕ ಶಿವಾಜಿ ಒಂದೊಂದೇ ಅಕ್ಷರ ನೋಡಿದ. ಮುಗಿದ ಮೇಲೆ ಎರಡೂ ಕೈ ಜೋಡಿಸಿ, "ಭಾಳ ಉಪಕಾರ ಆತ್ರಿ," ಎಂದ. ಗೌತಮಿ ಸುರೈಯಾರ ಕೈ ಹಿಡಿದುಕೊಂಡು ನಿಂತಳು. ಹಿಡಿದ ಕೈಗೆ ಕೆಂಪು ಶಾಯಿ ಹತ್ತಿತು.

ರಸ್ತೆ ದಾಟುವಾಗ ಕೇಳಿದಳು: "ಯಪ್ಪಾ, ಪೇಪರಿನ್ಯಾಗ ಬರಲಿಲ್ಲಲ್ಲ."

"ಪೇಪರ್ ನಾಳಿಗಿ ಭಜಿ ಕಟ್ಟಾಕ ಹೋಗತೈತಿ," ಎಂದ ಶಿವಾಜಿ. "ಕೋಲು ನಿಮ್ಮವ್ವನ ಹತ್ರ ಅದಾವ. ಸಂಜಿಗಿ ಇಸಗೋ. ನಡಿ, ಬಸ್ ತಡಾ ಆಗೇತಿ."

ಅವಳನ್ನು ಹತ್ತಿಸಿ ತಾನು ಮೆಟ್ಟಿಲ ಮೇಲೆ ನಿಂತು ತಗಡಿಗೆ ಪೆಟ್ಟು ಕೊಟ್ಟ. ಎರಡು ಪೆಟ್ಟು ಸಾಕಿತ್ತು. ಶಿವಾಜಿಯ ಕೈ ನಿಲ್ಲಲಿಲ್ಲ. ಮೊದಲು ಅಂಗೈ, ಆಮೇಲೆ ಬೆರಳು, ಮತ್ತೆ ಅಂಗೈ. ಗೌತಮಿಗೆ ಯಾರೂ ಕಲಿಸದ, ಆದರೆ ಅವಳ ಎಡಗಾಲಿಗೆ ತಕ್ಷಣ ಗುರುತು ಸಿಕ್ಕ ಹಲಗಿಯ ಒಂದು ಗತ್ತು ಬಸ್ಸಿನ ತಗಡಿನ ಮೇಲೆ ಎದ್ದಿತು. ಅವಳ ಕಾಲು ಸೀಟಿನ ಕೆಳಗೆ ತಾನಾಗಿ ಅದಕ್ಕೆ ಜೊತೆಗೂಡಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಡ್ರೈವರ್ ಕುತ್ತಿಗೆ ಹೊರಳಿಸಿ ಕೇಳಿದ: "ಲೇ ಶಿವಾಜಿ, ಹೋಗೂದೋ, ನಿಂದ್ರೂದೋ?"